ನಮ್ಮೂರ ಹಳೇ ಬೋರ್ಡಿಂಗ್ ಕೆಡವುತ್ತಾರಂತೆ. ಉಳಿಸಿಕೊಂಡರೆ ಯಾತಕ್ಕೆ ಬಳಸೋದು?

ಗಡಿಯೂರು:
ಎಲ್ಲರಿಗೂ ನಮಸ್ಕಾರ. ನಮ್ಮದು ನಿಪ್ಪಾಣಿ ಕಡೆಯ ಒಂದು ಊರು. ಊರ ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಬೆಳಗ್ಗೆಯೇ ಮನೆಗೆ ಜನ ಬರುತ್ತಾರೆ.

ಬಸ್ ಸ್ಟ್ಯಾಂಡ್ ಹಿಂದೆ ಒಂದು ಹಳೇ ಕಟ್ಟಡ ಇದೆ. ಎಲ್ಲರೂ ‘ಬೋರ್ಡಿಂಗ್’ ಅಂತಲೇ ಕರೆಯುತ್ತಾರೆ, ಅಲ್ಲಿ ಹುಡುಗರು ಮಲಗುವುದು ನಿಂತು ಎಷ್ಟೋ ವರ್ಷ ಆಯಿತು. ತಂಬಾಕು ವ್ಯಾಪಾರಿಗಳು ಹಣ ಹಾಕಿ, ಹಳ್ಳಿಯಿಂದ ಹೈಸ್ಕೂಲಿಗೆ ಬರುವ ತಮ್ಮ ಸಮಾಜದ ಮಕ್ಕಳಿಗಾಗಿ ಕಟ್ಟಿಸಿದ್ದು. ನಡುವೆ ಅಂಗಳ, ಸುತ್ತ ಪಡಸಾಲೆ, ಮೂರು ಕಡೆ ಕೋಣೆ, ಒಂದು ಕಡೆ ಮಾತ್ರ ಮರದ ಮಹಡಿ. ಮೇಲೆ ಮಂಗಳೂರು ಹೆಂಚು. ಪ್ರತಿ ಕೋಣೆಯಲ್ಲೂ ಗೋಡೆಗೆ ನಾಲ್ಕು ಗೂಟ, ನಾಲ್ಕು ದೀಪದ ಗೂಡು. ಅಂದರೆ ಕೋಣೆಗೆ ನಾಲ್ಕು ಹುಡುಗರು. ಲೆಕ್ಕ ಗೋಡೆಯಲ್ಲೇ ಇದೆ.

ನಮ್ಮ ಅಪ್ಪ ಅಲ್ಲಿದ್ದು ಓದಿದವರು. ತಿಂಗಳಿಗೆ ಇಷ್ಟು ಜೋಳ ಅಂತ ಮನೆಯಿಂದ ತಂದು ಸುರಿಯಬೇಕಿತ್ತು. ಎರಡು ಹೊತ್ತು ರೊಟ್ಟಿ, ಝುಣಕ. ಬೆಳಗ್ಗೆ ಐದಕ್ಕೆ ಗಂಟೆ. ಗಂಟೆ ಅಂದರೆ ರೈಲು ಹಳಿಯ ತುಂಡು, ತಂತಿಯಲ್ಲಿ ಕಟ್ಟಿ ತೂಗುಹಾಕಿದ್ದು.

ಈಗ ಮಂಡಳಿಯವರು ಪೂರ್ತಿ ಕೆಡವಿ ಕಲ್ಯಾಣ ಮಂಟಪ ಕಟ್ಟುವ ಮಾತಾಡುತ್ತಿದ್ದಾರೆ. ನಾವು ಹತ್ತು ಹದಿನೈದು ಜನ ಬೇಡ ಅನ್ನುತ್ತಿದ್ದೇವೆ. ಅವರದು ಒಂದೇ ಪ್ರಶ್ನೆ, ‘ಉಳಿಸಿ ಏನು ಮಾಡ್ತೀರಿ?’ ನಿಜ ಹೇಳಬೇಕೆಂದರೆ ನಮ್ಮ ಹತ್ತಿರ ಉತ್ತರ ಇಲ್ಲ. ನಿಮ್ಮ ಊರುಗಳಲ್ಲಿ ಇಂಥ ಹಳೇ ಬೋರ್ಡಿಂಗ್‌ಗಳು ಈಗ ಏನಾಗಿವೆ?

ಕೊಲ್ಲಾಪುರ_ರಸ್ತೆ:
ನಿಮ್ಮ ಊರು ಯಾವುದು ಅಂತ ನನಗೆ ಗೊತ್ತಾಯಿತು ಬಿಡಿ. ಹೇಳುವುದಿಲ್ಲ.

ಆ ಕಾಲದಲ್ಲಿ ಈ ಭಾಗದ ಯಾರೇ ಬೋರ್ಡಿಂಗ್ ಕಟ್ಟಲಿ, ಕಣ್ಣು ಕೊಲ್ಲಾಪುರದ ಕಡೆಗೇ ಇರುತ್ತಿತ್ತು. 40 ಕಿಲೋಮೀಟರ್ ಅಷ್ಟೇ ಅಲ್ವಾ? ಅಲ್ಲಿನ ರಾಜ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ಬೋರ್ಡಿಂಗ್ ಶುರು ಮಾಡಿಸಿದರು. ಅದೇ ವರ್ಷ ಜೈನರದು. 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1907ರಲ್ಲಿ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಅದಕ್ಕೂ ಮೊದಲು ಬಡ ಹುಡುಗ ಪೇಟೆಗೆ ಬಂದರೆ ವಾರಾನ್ನವೇ ಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದೂ ಬ್ರಾಹ್ಮಣರ ಹುಡುಗರಿಗೆ ಸಿಗುತ್ತಿತ್ತು, ಉಳಿದವರನ್ನು ಯಾರು ಕರೆಯಬೇಕು? 1902ರಲ್ಲಿ ಮಹಾರಾಜರು ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಮೀಸಲಿಟ್ಟರು. ನೌಕರಿ ಮೀಸಲಿಟ್ಟರೆ ಸಾಕೇ? ಓದಿದ ಹುಡುಗರು ಬೇಕಲ್ಲ. ಹುಡುಗ ಓದಬೇಕಾದರೆ ಊರಲ್ಲಿ ಮಲಗಲು ಜಾಗ ಬೇಕು. ಹಾಗಾಗಿ ಒಂದರ ಹಿಂದೆ ಒಂದು ಬೋರ್ಡಿಂಗ್.

ದಸರಾ ಚೌಕದ ಸುತ್ತ ಈಗಲೂ ಹೋಗಿ ನೋಡಿ. ರಿಕ್ಷಾದವರಿಗೆ ಬೋರ್ಡಿಂಗ್ ಹೆಸರು ಹೇಳಿದರೆ ಸಾಕು, ಇಳಿಸುತ್ತಾರೆ.

ಮುದ್ದೆಸಾರು:
ನಮ್ಮ ಹಳೇ ಮೈಸೂರು ಕಡೆ ‘ಬೋರ್ಡಿಂಗ್’ ಅಂದರೆ ಮೈಸೂರಿನ ಅರಸು ಬೋರ್ಡಿಂಗ್ ಸ್ಕೂಲು ನೆನಪಾಗುತ್ತದೆ. ದೇವರಾಜ ಅರಸರು ಓದಿದ್ದು ಅಲ್ಲೇ. ಅದೂ ಒಂದು ಸಮಾಜದ ಮಕ್ಕಳಿಗೆ ಅಂತಲೇ ಶುರುವಾದದ್ದು. ಅಲ್ಲಿ ಬೆಳೆದವರು 1972ರಲ್ಲಿ ಮುಖ್ಯಮಂತ್ರಿ ಆದ ಮೇಲೆ ಹಿಂದುಳಿದ ವರ್ಗದ ಹಾಸ್ಟೆಲ್‌ಗಳನ್ನು ತಾಲ್ಲೂಕು ತಾಲ್ಲೂಕಿಗೆ ತಂದರು. ನಾನು ಓದಿದ್ದು ಅಂಥದ್ದರಲ್ಲೇ, ಮಂಡ್ಯ ಜಿಲ್ಲೆಯಲ್ಲಿ. ಕಟ್ಟಡ ಸರ್ಕಾರದ್ದಲ್ಲ, ಬಾಡಿಗೆಯದು. ಮೊದಲು ಅದು ಅಕ್ಕಿ ಗಿರಣಿಯ ಗೋಡೌನ್. ಹಾಸಿಗೆ ಕೊಡವಿದರೆ ತೌಡು ಉದುರುತ್ತಿತ್ತು ಸ್ವಾಮಿ!

ಪ್ರಶ್ನೆಗೆ ಬರುತ್ತೇನೆ. ಕಲ್ಯಾಣ ಮಂಟಪ ಆದರೆ ಏನು ತಪ್ಪು? ಬಾಡಿಗೆ ಬರುತ್ತದೆ, ಆ ದುಡ್ಡಲ್ಲಿ ವಿದ್ಯಾರ್ಥಿವೇತನ ಕೊಡಲಿ. ಸುಮ್ನೆ ಹಳೇ ಗೋಡೆ ನೋಡಿ ಕಣ್ಣೀರು ಹಾಕಿದರೆ ಯಾರ ಹೊಟ್ಟೆ ತುಂಬುತ್ತದೆ?

ಗಡಿಯೂರು:
ಅಣ್ಣ, ಆ ಮಾತು ಹತ್ತು ವರ್ಷದ ಹಿಂದೆಯೂ ಬಂದಿತ್ತು. ಮುಂದಿನ ಕಂಪೌಂಡ್ ಒಡೆದು ಆರು ಅಂಗಡಿ ಕಟ್ಟಿದರು. ಮೊಬೈಲ್ ರಿಪೇರಿ, ಝೆರಾಕ್ಸ್, ಒಂದು ಬೇಕರಿ. ಬಾಡಿಗೆ ಎಲ್ಲಿ ಹೋಯಿತು, ಯಾವ ಹುಡುಗನಿಗೆ ಎಷ್ಟು ವಿದ್ಯಾರ್ಥಿವೇತನ ಕೊಟ್ಟರು ಅಂತ ಕೇಳಿದರೆ ‘ಆಡಿಟ್ ಆಗಿದೆ’ ಅನ್ನುತ್ತಾರೆ. ಆಡಿಟ್ ಕಾಗದ ಮಾತ್ರ ತೋರಿಸುವುದಿಲ್ಲ.

ಕಟ್ಟಡ ಏನೇನಾಯಿತು ಅಂತ ಒಂದು ಪಟ್ಟಿ ಮಾಡಿದೆ, ನಮ್ಮ ಅಪ್ಪನ ಬಾಯಿಂದ ಕೇಳಿ. ಮೊದಲು ಸಮಾಜದ ಬೋರ್ಡಿಂಗ್. 1956ರಲ್ಲಿ ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಮೇಲೆ ಹುಡುಗರು ನಿಧಾನಕ್ಕೆ ಕಡಿಮೆಯಾದರು. ಹಳ್ಳಿಗಳಿಗೇ ಹೈಸ್ಕೂಲು ಬಂತು, ಬಸ್ಸು ಬಂತು. ಆಮೇಲೆ ಸರ್ಕಾರ ಬಾಡಿಗೆಗೆ ತೆಗೆದುಕೊಂಡು ಹಾಸ್ಟೆಲ್ ನಡೆಸಿತು. ಅದು ಸ್ವಂತ ಕಟ್ಟಡಕ್ಕೆ ಹೋದ ಮೇಲೆ ಸ್ವಲ್ಪ ದಿನ ಕನ್ನಡ ಶಾಲೆಯ ಎರಡು ತರಗತಿ. ನಂತರ ಸೊಸೈಟಿಯ ಗೊಬ್ಬರದ ಗೋಡೌನ್. ಯೂರಿಯಾ ಚೀಲದ ಗುರುತು ಇನ್ನೂ ನೆಲದ ಮೇಲಿದೆ, ಬಿಳಿ ಬಿಳಿ. ಚುನಾವಣೆ ಬಂದರೆ ಮತಗಟ್ಟೆ. 2005ರಲ್ಲಿ, ಆಮೇಲೆ 2019ರಲ್ಲಿ ನೆರೆ ಬಂದಾಗ ಗಂಜಿ ಕೇಂದ್ರ. 2020ರಲ್ಲಿ ಮುಂಬೈ, ಪುಣೆಯಿಂದ ಬಂದವರ ಕ್ವಾರಂಟೈನ್. ಈಗ ಬೀಗ.

ಸಾಲೋಟಗಿ_ದಾರಿ:
ಪಟ್ಟಿ ಓದಿ ಖುಷಿಯಾಯಿತು. ಊರಿಗೆ ಕಷ್ಟ ಬಂದಾಗೆಲ್ಲ ಬೋರ್ಡಿಂಗ್ ನೆನಪಾಗಿದೆ, ಕಷ್ಟ ಹೋದ ಮೇಲೆ ಮರೆತುಹೋಗಿದೆ.

ನಾನು ಇಂಡಿ ತಾಲ್ಲೂಕಿನವನು. ನಮ್ಮ ಪಕ್ಕದ ಸಾಲೋಟಗಿಯ ಹೆಸರಲ್ಲೇ ಒಂದು ಶಾಲೆ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಶಾಲೆ, ಪಾವಿಟ್ಟಗೆ ಎರಡೂ ಸೇರಿ ಸಾಲೋಟಗಿ. ಕ್ರಿ.ಶ. 945ರ ಶಾಸನ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನಿಂದ ಬರುವ ವಿದ್ಯಾರ್ಥಿಗಳಿಗೆ ಇರಲು 27 ಮನೆ. ದೀಪದ ಎಣ್ಣೆಗೆ ಅಂತಲೇ 12 ನಿವರ್ತನ (ಆಗಿನ ಭೂಮಿಯ ಅಳತೆ) ಭೂಮಿ ಬಿಟ್ಟಿದ್ದರು. ಊರವರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಎರಡೂವರೆ, ಚೌಲಕ್ಕೆ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ, ಒಂದೂಕಾಲು.

ನೋಡಿ, ಅಲ್ಲಿ ಮದುವೆಯ ದುಡ್ಡು ಹಾಸ್ಟೆಲಿಗೆ ಬರುತ್ತಿತ್ತು. ನಿಮ್ಮಲ್ಲಿ ಹಾಸ್ಟೆಲ್ಲನ್ನೇ ಮದುವೆಗೆ ಕೊಡುತ್ತಿದ್ದಾರೆ.

ಮುದ್ದೆಸಾರು:
ಹ್ಹಹ್ಹ, ಒಪ್ಪಿದೆ ಸರ್. ಆದರೆ ಆ 27 ಮನೆಗಳು ಈಗ ಎಲ್ಲಿವೆ?

ಸಾಲೋಟಗಿ_ದಾರಿ:
ಇಲ್ಲ. ಶಾಸನದ ಕಂಬ ಉಳಿದಿದೆ, ಊರ ಹೆಸರು ಉಳಿದಿದೆ.

ಕೊಪ್ಪದಕೇರಿ_ಹುಡುಗ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಾತನೂ ನಿಮ್ಮ ಕಡೆಯವರೇ. ಗಡಿಯೂರು ಅಣ್ಣನ ಅಪ್ಪ ಓದಿದ ಕಾಲದಲ್ಲೇ ಓದಬೇಕಿತ್ತು. ಅಂಥದೇ ಒಂದು ಬೋರ್ಡಿಂಗಿನ ಕಟ್ಟೆಯ ತನಕ ಹೋಗಿ ವಾಪಸ್ ಬಂದವರು. ಒಳಗೆ ಸೇರಿಸಲಿಲ್ಲ. ‘ತಮ್ಮ ಸಮಾಜದ ಮಕ್ಕಳಿಗಾಗಿ’ ಅಂತ ನೀವು ಮೊದಲ ಪೋಸ್ಟಿನಲ್ಲಿ ಸಹಜವಾಗಿ ಬರೆದಿದ್ದೀರಲ್ಲ, ಆ ಸಾಲು ನಮಗೆ ಬೇರೆ ಥರ ಕೇಳಿಸುತ್ತದೆ. 1928ರಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮುಂಬಯಿ ಪ್ರಾಂತ್ಯದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲ್‌ಗಳನ್ನು ಶುರು ಮಾಡಿಸಿದರು. ಅದರಲ್ಲಿ ಒಂದು ಧಾರವಾಡದ್ದು. ನಮ್ಮ ತಾತನಿಗೆ ದೀಪ ಹತ್ತಿದ್ದು ಅಲ್ಲಿ.

ಆದರೆ ನಮ್ಮ ಸೋದರಮಾವ, 1970ರ ದಶಕದಲ್ಲಿ, ಸರ್ಕಾರ ಬಾಡಿಗೆಗೆ ಹಿಡಿದ ಹಾಸ್ಟೆಲಿನಲ್ಲಿ ಓದಿದರು. ತಾತ ಕಟ್ಟೆಯಿಂದ ವಾಪಸ್ ಬಂದ ಅದೇ ಕಟ್ಟಡ. ತಾತ, ಮಾವ ಸೇರಿದಾಗೆಲ್ಲ ಅದನ್ನು ಹೇಳಿಕೊಂಡು ನಗುತ್ತಾರೆ. ನಗುವುದೋ ಏನೋ. ಹಾಗಾಗಿ ‘ಮೂಲ ವೈಭವಕ್ಕೆ ಮರಳಿಸಿ’ ಅಂತ ಬ್ಯಾನರ್ ಹಾಕಬೇಡಿ. ನಮ್ಮ ಮನೆಯ ಮಟ್ಟಿಗೆ ಆ ಕಟ್ಟಡದ ಒಳ್ಳೆಯ ಕಾಲ ಶುರುವಾಗಿದ್ದು ಅದರ ಎರಡನೇ ಬಳಕೆಯಲ್ಲಿ.

ಗಡಿಯೂರು:
ತಮ್ಮಾ, ಬೇಜಾರು ಯಾಕೆ. ನಿಜ ಹೇಳಿದೆ. ಆ ಸಾಲು ಬರೆಯುವಾಗ ಕೈ ತಡೆಯಲೇ ಇಲ್ಲ ನನಗೆ, ಅದೇ ತಪ್ಪು. ಅಪ್ಪನಿಗೆ ಈ ಪೋಸ್ಟ್ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಡುಗೆಮನೆ ಹಿಂದೆ ಇನ್ನೊಂದು ಸಣ್ಣ ಬಾವಿ ಇತ್ತು, ಅದು ಯಾಕೆ ಇತ್ತು ಅಂತ ನಾವು ಯಾರೂ ಕೇಳಲಿಲ್ಲ’ ಅಂದರು. ಅಷ್ಟೇ ಹೇಳಿದ್ದು.

ಕೊಲ್ಲಾಪುರ_ರಸ್ತೆ:
ಇದಕ್ಕೆ ಹೊಂದುವ ಒಂದು ಕತೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕುಂಭೋಜದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಕೊಲ್ಲಾಪುರದ ಜೈನ್ ಬೋರ್ಡಿಂಗಿನಲ್ಲಿದ್ದರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡದೆ ಊಟಕ್ಕೆ ಬರಬೇಡ ಅಂದರಂತೆ. ಇವರು ಮಾಡಲ್ಲ ಅಂದರು. ಹೊರಗೆ ಹಾಕಿದರು. ಮುಂದೆ ಅದೇ ಮನುಷ್ಯ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಬೋರ್ಡಿಂಗ್ ತೆರೆದರು. ದುಡ್ಡಿಲ್ಲದಾಗ ಹೆಂಡತಿ ಲಕ್ಷ್ಮೀಬಾಯಿ ಒಡವೆ ಮಾರಿದರು, ಕೊನೆಗೆ ಮಂಗಳಸೂತ್ರವೂ ಹೋಯಿತು. 1927ರಲ್ಲಿ ಗಾಂಧೀಜಿ ಬಂದು ಅದಕ್ಕೆ ಶಾಹೂ ಹೆಸರಿಟ್ಟರು.

ಕುಡ್ಲದಕ್ಕ:
ಮಂಗಳೂರಿನಿಂದ. ಕುದ್ಮುಲ್ ರಂಗರಾಯರನ್ನೂ ಇಲ್ಲಿ ನೆನೆಯಬೇಕು. 1897ರಲ್ಲಿ ಡಿ.ಸಿ.ಎಂ. (ಡಿಪ್ರೆಸ್ಡ್ ಕ್ಲಾಸಸ್ ಮಿಷನ್) ಶುರು ಮಾಡಿ ಶಾಲೆ, ಹಾಸ್ಟೆಲ್ ಎಲ್ಲ ನಡೆಸಿದರು. ದಲಿತರ ಮಗು ಓದಿ ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ಬೀಳಬೇಕು ಅಂತ ಆಸೆಪಟ್ಟವರು. ಅದನ್ನು ಅವರ ಸಮಾಧಿಯ ಮೇಲೆ ಕೆತ್ತಿದ್ದಾರೆ.

ಅಂದ ಹಾಗೆ ಗಡಿಯೂರು ಅವರೇ, ಹೆಂಚು ಕೆಳಗಿಳಿಸುವಾಗ ಒಂದನ್ನು ತಿರುಗಿಸಿ ನೋಡಿ. ಬಾಸೆಲ್ ಮಿಷನ್ ಅಂತ ಇದ್ದರೆ ಅದು ನಮ್ಮೂರಿಂದ ಹೋದದ್ದಿರಬೇಕು. ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಗುಜರಿಗೆ ಕೊಡಬೇಡಿ, ಈಗ ಅಂಥ ಹೆಂಚಿಗೆ ರೆಸಾರ್ಟಿನವರು ಕ್ಯೂ ನಿಲ್ಲುತ್ತಾರೆ.

ಇನ್ನೊಂದು. ಇಷ್ಟು ಜನ ಬರೆದಿರಿ, ಎಲ್ಲ ಗಂಡು ಹುಡುಗರ ಕತೆಯೇ. ನಾನಿದ್ದದ್ದು ಹುಡುಗರ ಹಾಸ್ಟೆಲನ್ನು ಹುಡುಗಿಯರಿಗೆ ಬಿಟ್ಟುಕೊಟ್ಟ ಒಂದು ಹಳೇ ಕಟ್ಟಡದಲ್ಲಿ. ಯಾವುದು ಅಂತ ಬೇಡ. ನಾವು ಬರುವ ಮೊದಲು ಮಾಡಿದ ರಿಪೇರಿ ಏನು ಗೊತ್ತಾ? ರಸ್ತೆ ಕಡೆಯ ಕಿಟಕಿಗಳಿಗೆಲ್ಲ ಇಟ್ಟಿಗೆ ಇಟ್ಟು ಮುಚ್ಚಿದ್ದು, ಕಂಪೌಂಡಿನ ಮೇಲೆ ಗಾಜಿನ ಚೂರು ನೆಟ್ಟದ್ದು. ಸ್ನಾನದ ಮನೆಗೆ ಬಾಗಿಲು ಬಂದದ್ದು ಮಾತ್ರ ಮುಂದಿನ ವರ್ಷ. ಮುಚ್ಚಿದ ಕಿಟಕಿಯ ಒಳಗಿನ ಕಟ್ಟೆಯ ಮೇಲೆ ಹಳೇ ಹುಡುಗರು ಕಲ್ಲಿನಿಂದ ಗೀಚಿದ ಹೆಸರುಗಳು. ನಾವು ಅದರ ಕೆಳಗೆ ನಮ್ಮವನ್ನು ಬರೆದೆವು, ಕಾಡಿಗೆಯಲ್ಲಿ. ಪ್ರತಿ ಸಲ ಸುಣ್ಣ ಹೊಡೆದಾಗ ಅವರ ಹೆಸರು ಉಳಿಯುತ್ತಿತ್ತು, ನಮ್ಮದು ಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದೆವು.

ಜರ್ಸಿ_ಕನ್ನಡಿಗ:
ನಾನು ಇರುವ ನ್ಯೂಜೆರ್ಸಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನಸ್ಸಾವ್ ಹಾಲ್ ಇದೆ. 1756ರದು. ಮೊದಲು ಪಾಠ, ಪ್ರಾರ್ಥನೆ, ಊಟ, ಹುಡುಗರ ವಾಸ ಎಲ್ಲ ಅದೊಂದೇ ಕಟ್ಟಡದಲ್ಲಿ. ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕರ ಬಿಡಾರ, ಆಸ್ಪತ್ರೆ. 1777ರ ಕಾಳಗದಲ್ಲಿ ಫಿರಂಗಿ ಗುಂಡು ಬಿದ್ದ ಗುರುತು ಗೋಡೆಯ ಮೇಲೆ ಇನ್ನೂ ಇದೆ. 1783ರಲ್ಲಿ ಕೆಲವು ತಿಂಗಳು ಅಮೆರಿಕದ ಕಾಂಗ್ರೆಸ್ ಅಲ್ಲೇ ಸೇರಿತ್ತು, ಅಂದರೆ ಹಾಸ್ಟೆಲೇ ದೇಶದ ರಾಜಧಾನಿ! 1802ರಲ್ಲಿ ಸುಟ್ಟಿತು, 1855ರಲ್ಲಿ ಮತ್ತೆ ಸುಟ್ಟಿತು, ಎರಡು ಸಲವೂ ಅದೇ ಗೋಡೆಗಳ ಒಳಗೆ ಮತ್ತೆ ಕಟ್ಟಿಕೊಂಡರು. ಈಗ ಆಡಳಿತದ ಕಚೇರಿ. ಬಳಕೆ ಬದಲಾಯಿತು, ಕಟ್ಟಡವನ್ನು ಖಾಲಿ ಮಾತ್ರ ಬಿಡಲಿಲ್ಲ.

ಮುದ್ದೆಸಾರು:
ಅವರ ಹತ್ತಿರ ದುಡ್ಡಿದೆ ಸರ್. ನಮ್ಮೂರ ಬೋರ್ಡಿಂಗಿಗೆ ಹೆಂಚು ಹೊದಿಸಲೂ ಚಂದಾ ಎತ್ತಬೇಕು.

ಗಾರೆಕೆಲಸ:
ನಾನು ಸಿವಿಲ್ ಎಂಜಿನಿಯರ್, ಹಳೇ ಕಟ್ಟಡಗಳ ರಿಪೇರಿಯೇ ಹೊಟ್ಟೆಪಾಡು. ಭಾವನೆ ಬಿಟ್ಟು ಕೆಲವು ವಿಷಯ ಹೇಳುತ್ತೇನೆ.

ಮೊದಲು ನೀರು. ಹಳೇ ಕಟ್ಟಡ ಬೀಳುವುದು ವಯಸ್ಸಿನಿಂದಲ್ಲ, ಸೋರುವುದರಿಂದ. ನಾಲ್ಕು ಹೆಂಚು ಒಡೆದು ಎರಡು ಮಳೆಗಾಲ ಹೋದರೆ ತೊಲೆಯ ತುದಿ, ಗೋಡೆಯೊಳಗೆ ಹೊಕ್ಕ ಭಾಗ, ಕೊಳೆಯುತ್ತದೆ. ಹೊರಗಿಂದ ಕಾಣುವುದಿಲ್ಲ. ಮೊಳೆ ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಒಳಗೆ ಹೋದರೆ ಕೆಟ್ಟಿದೆ ಅಂತ ಅರ್ಥ.

ಆಮೇಲೆ ಸಿಮೆಂಟು. ಸುಣ್ಣದ ಗಾರೆಯ ಗೋಡೆಗೆ ಯಾರೋ ಪುಣ್ಯಾತ್ಮರು ಸಿಮೆಂಟ್ ಪ್ಲಾಸ್ಟರ್ ಹೊಡೆದಿರುತ್ತಾರೆ, ಪ್ರತಿ ಊರಿನಲ್ಲೂ ಒಬ್ಬರು ಇರುತ್ತಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ. ಸಿಮೆಂಟ್ ಹೊದಿಸಿದರೆ ತೇವ ಹೊರಗೆ ಹೋಗಲು ದಾರಿ ಇಲ್ಲ, ಒಳಗೇ ನಿಂತು ಉಬ್ಬುತ್ತದೆ. ಗೊಬ್ಬರದ ಗೋಡೌನ್ ಆಗಿತ್ತು ಅಂದಿರಿ, ಅದು ಇನ್ನೂ ಕೆಟ್ಟದ್ದು. ಆ ಬಿಳಿ ಗುರುತು ಉಪ್ಪಿನದು. ಗೋಡೆಗೂ ಏರಿರುತ್ತದೆ. ಪುಡಿಪುಡಿಯಾಗಿ ಉದುರುತ್ತಿದೆಯಾ ನೋಡಿ.

ಇನ್ನು ‘ಲೈಬ್ರರಿ ಮಾಡೋಣ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮರದ ಮಹಡಿ ಇರುವ ಕಡೆ ದಯವಿಟ್ಟು ಬೇಡ. ಮಲಗುವ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದು ಲೆಕ್ಕ ಹಾಕುತ್ತೇವೆ. ಪುಸ್ತಕದ ರ‍್ಯಾಕ್ ಸಾಲಾಗಿ ನಿಂತರೆ 600 ಕೆ.ಜಿ. ಹುಡುಗರು ಎಷ್ಟೇ ದಪ್ಪ ಇದ್ದರೂ ಪುಸ್ತಕದಷ್ಟು ಭಾರ ಇರುವುದಿಲ್ಲ. ಪುಸ್ತಕ ಕೆಳಗೆ, ಓದುವವರು ಮೇಲೆ ಅಂತ ಮಾಡಿದರೆ ಆಗಬಹುದು.

ನನ್ನ ಅನುಭವ ಹೇಳುವುದಾದರೆ, ಹಾಸ್ಟೆಲ್ ಕಟ್ಟಡ ಬದಲಾವಣೆಗೆ ಬಹಳ ಒಗ್ಗುತ್ತದೆ. ಸಣ್ಣ ಸಣ್ಣ ಕೋಣೆ, ಪ್ರತಿಯೊಂದಕ್ಕೂ ಬೇರೆ ಬಾಗಿಲು, ಮುಂದೆ ಪಡಸಾಲೆ, ನಡುವೆ ಬಯಲು. ಕಚೇರಿ, ತರಗತಿ, ಕ್ಲಿನಿಕ್, ಏನು ಬೇಕಾದರೂ ಆಗುತ್ತದೆ. ಕಲ್ಯಾಣ ಮಂಟಪ ಒಂದೇ ಆಗುವುದಿಲ್ಲ, ಅದಕ್ಕೆ ಕಂಬವಿಲ್ಲದ ದೊಡ್ಡ ಹಾಲು ಬೇಕು. ಅದಕ್ಕೇ ಕೆಡವುವ ಮಾತು ಬಂದಿರೋದು.

ಗಡಿಯೂರು:
ಸರ್, ಕೈ ಮುಗಿದೆ. ಇದು ಯಾರೂ ನಮಗೆ ಹೇಳಿರಲಿಲ್ಲ. ರಕ್ಷಿತ ಸ್ಮಾರಕ ಅಂತ ಘೋಷಣೆ ಮಾಡಿಸಬಹುದಾ?

ಗಾರೆಕೆಲಸ:
ರಾಜ್ಯದ 1961ರ ಕಾಯ್ದೆ ಇದೆ. ಆದರೆ ಪ್ರತಿ ತಾಲ್ಲೂಕಿನ ಹಳೇ ಬೋರ್ಡಿಂಗಿಗೆ ಆ ದಾರಿ ಹಿಡಿದರೆ ವರ್ಷಗಟ್ಟಲೆ ಓಡಾಟ. ಅಷ್ಟರಲ್ಲಿ ತೊಲೆ ಬಿದ್ದಿರುತ್ತದೆ. ಬಳಕೆ ಹುಡುಕಿ, ಬೇಗ. ಜನ ಓಡಾಡುವ ಕಟ್ಟಡದಲ್ಲಿ ಒಡೆದ ಹೆಂಚು ಮಾರನೇ ದಿನವೇ ಕಾಣುತ್ತದೆ.

ಕೊಪ್ಪದಕೇರಿ_ಹುಡುಗ:
ಬಳಕೆ ನಾನು ಹೇಳಲಾ? ಧಾರವಾಡಕ್ಕೆ ಬಂದು ನೋಡಿ. ಪಿ.ಎಸ್.ಐ., ಕೆ.ಎ.ಎಸ್., ಎಫ್.ಡಿ.ಎ. ಪರೀಕ್ಷೆಗೆ ಓದಲು ಎಷ್ಟು ಹಳ್ಳಿ ಹುಡುಗರು ಬರುತ್ತಾರೆ. ಒಂದು ಕೋಣೆಗೆ ಐದು ಜನ, ಓದಲು ಕುರ್ಚಿಗೂ ತಿಂಗಳ ಬಾಡಿಗೆ. ಮನೆ ಬಿಟ್ಟು ಬಂದವರಿಗೆ ಮಲಗಲು ಜಾಗ ಬೇಕು ಅನ್ನುವುದು ಶಾಹೂ ಮಹಾರಾಜರ ಕಾಲಕ್ಕೇ ಮುಗಿದುಹೋಗಿಲ್ಲ. ನಿಮ್ಮ ಊರಿನಿಂದಲೂ ಹುಡುಗರು ಇಲ್ಲಿಗೆ ಬರುತ್ತಾರಲ್ಲ, ಅವರಲ್ಲಿ ಅರ್ಧ ಜನಕ್ಕೆ ಊರಲ್ಲೇ ರಾತ್ರಿ ಹತ್ತರವರೆಗೆ ಲೈಟು, ಫ್ಯಾನು, ಕುರ್ಚಿ ಸಿಕ್ಕರೆ ಸಾಕು. ಯಾವ ಸಮಾಜ ಅಂತ ಮಾತ್ರ ಕೇಳಬೇಡಿ, ಕುರ್ಚಿ ಕೊಡಿ.

ಕುಡ್ಲದಕ್ಕ:
ಹುಡುಗಿಯರಿಗೆ ಬೇರೆ ಕೋಣೆ, ಬೇರೆ ಶೌಚಾಲಯ. ಮೊದಲು ಬಾಗಿಲು, ಆಮೇಲೆ ಉದ್ಘಾಟನೆ. ಕಿಟಕಿ ಮುಚ್ಚಬೇಡಿ.

ಮುದ್ದೆಸಾರು:
ನನ್ನ ಮಾತು ಅರ್ಧ ವಾಪಸ್. ಆದರೆ ಕರೆಂಟ್ ಬಿಲ್ಲು? ಅದಕ್ಕೆ ಆ ಆರು ಅಂಗಡಿಯ ಬಾಡಿಗೆಯನ್ನೇ ಕೇಳಿ. ಹೊಸ ಕಟ್ಟಡ ಬೇಡ, ಹಳೇ ಬಾಡಿಗೆಯ ಲೆಕ್ಕ ಕೊಡಿ ಅಂತ ಸಭೆಯಲ್ಲಿ ಬರೆದು ಕೊಡಿ. ಬಾಯಿಮಾತು ಬೇಡ.

ಗಡಿಯೂರು:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಸಭೆ ಆಯಿತು. ಬರೆದು ಕೊಟ್ಟೆವು. ಲೆಕ್ಕದ ಮಾತು ಬಂದ ಕೂಡಲೇ ಕಾರ್ಯದರ್ಶಿಗಳಿಗೆ ಬೇರೆ ಕೆಲಸ ನೆನಪಾಯಿತು. ಒಬ್ಬ ಹಿರಿಯರು ಮಾತ್ರ, ‘ಕೆಡವೋದು ಒಂದು ದಿನದ ಕೆಲಸ, ಮೊದಲು ಎಂಜಿನಿಯರ್ ನೋಡಲಿ’ ಅಂದರು. ಭಾನುವಾರ ಬೀಗ ತೆಗೆಯುತ್ತಾರೆ. ಗಾರೆಕೆಲಸ ಸರ್ ಬೆಳಗಾವಿಯಿಂದ ಬರುತ್ತೇನೆ ಅಂದಿದ್ದಾರೆ, ಬಸ್ ಚಾರ್ಜ್ ಕೂಡ ಬೇಡ ಅಂದರು.

ಇನ್ನೊಂದು ಸುದ್ದಿ. ರೈಲು ಹಳಿಯ ಗಂಟೆ ಸಿಕ್ಕಿತು. ನೆರೆ ಬಂದ ವರ್ಷ ಗಂಜಿ ಕೇಂದ್ರದಲ್ಲಿ ಊಟಕ್ಕೆ ಕರೆಯಲು ಅದನ್ನೇ ಬಾರಿಸುತ್ತಿದ್ದರಂತೆ. ಆಮೇಲೆ ಅಡುಗೆಯವರು ಮರೆತು ಪಾತ್ರೆಗಳ ಜೊತೆ ಟೆಂಪೋಗೆ ಹಾಕಿಕೊಂಡು ಹೋಗಿದ್ದಾರೆ. ಈಗ ಪಕ್ಕದ ಹಳ್ಳಿಯ ಕನ್ನಡ ಶಾಲೆಯಲ್ಲಿದೆ. ಕೇಳಲು ಹೋದೆ. ಸರಿಯಾಗಿ ಆಗಲೇ ಊಟದ ಬಿಡುವಿಗೆ ಬಾರಿಸಿದರು, ಮಕ್ಕಳು ತಟ್ಟೆ ಹಿಡಿದು ಓಡಿ ಬಂದವು. ಕೇಳದೆ ವಾಪಸ್ ಬಂದೆ.

ಕೊಪ್ಪದಕೇರಿ_ಹುಡುಗ:
ಒಳ್ಳೇದು ಮಾಡಿದಿರಿ ಅಣ್ಣ. ಭಾನುವಾರ ನಾನೂ ಬರುತ್ತೇನೆ. ಮಾವನೂ ಬರುತ್ತಾರಂತೆ, ತಾವು ಮಲಗುತ್ತಿದ್ದ ಕೋಣೆಯ ಗೂಟ ತೋರಿಸುತ್ತಾರಂತೆ.

ಗಡಿಯೂರು:
ಅಂದರೆ ಇದೇ ಕಟ್ಟಡವಾ?!

ಕೊಪ್ಪದಕೇರಿ_ಹುಡುಗ:
ಮತ್ತೆ ಯಾವುದು ಅಂದುಕೊಂಡಿರಿ? ಎಡಗಡೆಯಿಂದ ಮೂರನೇ ಕೋಣೆ.

ಗಾರೆಕೆಲಸ:
ಏಣಿ ಯಾರ ಹತ್ತಿರ ಇದೆ? ಹನ್ನೆರಡು ಅಡಿಯದು ಬೇಕು. ಟಾರ್ಚು, ಅಳತೆ ಟೇಪು ನನ್ನದೇ ತರುತ್ತೇನೆ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಬಾವಲಿ ಇರುತ್ತವೆ.

ಗಡಿಯೂರು:
ಏಣಿ ಬೇಕರಿಯವರ ಹತ್ತಿರ ಇದೆ. ಕೇಳಿದ್ದೇನೆ, ಕೊಡುತ್ತೇನೆ ಅಂದಿದ್ದಾರೆ.